ಎತ್ತರಿಸಿದ ಜೀಪಿನಲ್ಲಿ ಕ್ರಾಸು ಪದೇ ಪದೇ ಹೋಗುವುದೇಕೆ?

ಕಾಫಿ ಕೊಯ್ಲಿಗೆ ಮುಂಚೆ ನಮ್ಮ ಸದಸ್ಯರು ಸಂಘಕ್ಕೆ ಬಂದಾಗ ಮಾತು ಧಾರಣೆಯಿಂದ ಆರಂಭವಾಗಿ, ಕೊಳೆರೋಗದ ಮೇಲೆ ಹಾದು, ಕೊನೆಗೆ ಜೀಪಿನ ರಿಪೇರಿಗೆ ಬಂದು ನಿಲ್ಲುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ. "ಕ್ರಾಸು ಹಾಕಿಸಿ ಮೂರು ತಿಂಗಳಾಗಿಲ್ಲ, ಮತ್ತೆ ಹೋಯಿತು. ಈಗಿನ ಸಾಮಾನೇ ಸರಿಯಿಲ್ಲ ಮಾರಾಯ್ರೇ." ಸಾಮಾನು ಕಳಪೆಯಾಗಿರುವುದೂ ಉಂಟು, ಅಲ್ಲಗಳೆಯುವುದಿಲ್ಲ. ಆದರೆ ಹೀಗೆ ದೂರಿದವರ ಜೀಪುಗಳ ಅಡಿಗೆ ಬಗ್ಗಿ ನೋಡಿದಾಗ ನಮಗೆ ಕಂಡದ್ದು ಬೇರೆ. ಅವುಗಳಲ್ಲಿ ಹೆಚ್ಚಿನವು ಎತ್ತರಿಸಿದ ಜೀಪುಗಳು. ಕ್ರಾಸು ಹೋಗುವುದು ರೋಗದ ಲಕ್ಷಣ ಮಾತ್ರ. ರೋಗ ಇರುವುದು ಎತ್ತರಿಸಿದ ರೀತಿಯಲ್ಲಿ. ಬೇರು ಕೊಳೆತ ಗಿಡಕ್ಕೆ ಎಲೆಯ ಮೇಲೆ ಔಷಧ ಹೊಡೆದಂತೆ ನಾವು ವರ್ಷಕ್ಕೆರಡು ಬಾರಿ ಕ್ರಾಸು ಬದಲಿಸುತ್ತ ಹೋದರೆ ಪ್ರಯೋಜನವಿಲ್ಲ.

ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದ ಮೇಲೆ ಆ ಗಾಡಿಗಳು ಮಲೆನಾಡಿಗೂ ಕೊಡಗಿಗೂ ಬಂದವು. ಎತ್ತಿನ ಗಾಡಿಯೂ ಏರದ ದಾರಿಯಲ್ಲಿ ಗೊಬ್ಬರ, ಚೀಲ, ಆಳುಗಳನ್ನು ಹೊತ್ತವು. ಸಿಜೆ 3ಬಿ, ಅದರ ನಂತರದ ಡೀಸೆಲ್ ಗಾಡಿಗಳು, ಎಂಎಂ 540 ಮುಂತಾದವು ಇಂದಿಗೂ ನಮ್ಮ ತೋಟಗಳಲ್ಲಿ ದುಡಿಯುತ್ತಿವೆ. ಇವೆಲ್ಲ ಒಂದೇ ಜಾತಿಯವು. ಮುಂದೆಯೂ ಹಿಂದೆಯೂ ಗಟ್ಟಿ ಹೌಸಿಂಗು, ನಾಲ್ಕು ಮೂಲೆಗೂ ಪ್ಲೇಟಿನ ಸ್ಪ್ರಿಂಗು, ನಡುವೆ ಟ್ರಾನ್ಸ್‌ಫರ್ ಕೇಸು, ಅಲ್ಲಿಂದ ಮುಂದಕ್ಕೊಂದು ಹಿಂದಕ್ಕೊಂದು ಶಾಫ್ಟು. ಕಟ್ಟೋಣ ಇಷ್ಟು ಸರಳವಾಗಿರುವುದರಿಂದಲೇ ಯಾರು ಬೇಕಾದರೂ ಇದನ್ನು ಎತ್ತರಿಸಬಹುದೆಂಬ ಧೈರ್ಯ ಬಂದಿದೆ.

ಎತ್ತರಿಸುವ ಬಗೆ ಸಾಮಾನ್ಯವಾಗಿ ಮೂರು. ಸ್ಪ್ರಿಂಗಿಗೆ ಒಂದೆರಡು ಪ್ಲೇಟು ಹೆಚ್ಚಿಗೆ ಸೇರಿಸುವುದು ಅಥವಾ ಇದ್ದ ಪ್ಲೇಟುಗಳಿಗೆ ಹೆಚ್ಚು ಕಮಾನು ಹೊಡೆಸುವುದು ಒಂದು. ಶಾಕಲನ್ನು ಉದ್ದ ಮಾಡಿಸುವುದು ಇನ್ನೊಂದು. ಪ್ಲೇಟಿನ ಮೇಲೆ ಕೂತಿರುವ ಹೌಸಿಂಗನ್ನು ಪ್ಲೇಟಿನ ಕೆಳಗೆ ತರುವುದು ಮೂರನೆಯದು. ಇದರಲ್ಲಿ ಒಂದೇ ಏಟಿಗೆ ನಾಲ್ಕೈದು ಇಂಚು ಏರುತ್ತದೆ, ತೊಂದರೆಯೂ ಅಷ್ಟೇ ಏರುತ್ತದೆ. ಇವುಗಳ ಜೊತೆಗೆ ದೊಡ್ಡ ಟೈರು.

ಏತಕ್ಕಾಗಿ ಎತ್ತರಿಸಿದಿರಿ ಎಂದು ಕೇಳಿದರೆ ಬಹುಮಂದಿ ಹೇಳುವ ಉತ್ತರ, ದಾರಿಯ ನಡುವಿನ ದಿಣ್ಣೆಯೂ ಕಲ್ಲೂ ಅಡಿಗೆ ತಾಗಬಾರದೆಂದು. ಇಲ್ಲಿ ಒಂದು ವಿಷಯವನ್ನು ಬೆಳೆಗಾರರು ಗಮನಿಸಬೇಕು. ಜೀಪಿನಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಹೌಸಿಂಗಿನ ಗುಂಡು, ಎಂದರೆ ಕ್ರೌನ್ ಪಿನಿಯನ್ ಇರುವ ಭಾಗ. ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಮೇಲೇರುವುದು ಛಾಸಿಸ್ ಮತ್ತು ಬಾಡಿ. ಹೌಸಿಂಗು ಚಕ್ರದ ನಡುವೆಯೇ ಇರುವುದರಿಂದ ಒಂದು ನೂಲಿನಷ್ಟೂ ಏರುವುದಿಲ್ಲ. ಅದನ್ನು ಏರಿಸುವುದು ಟೈರು ಮಾತ್ರ. 6.00-16ರ ಟೈರು ತೆಗೆದು 7.50-16 ಹಾಕಿದರೆ ವ್ಯಾಸ ಸುಮಾರು 3 ಇಂಚು ಹೆಚ್ಚಿ, ಹೌಸಿಂಗು ಒಂದೂವರೆ ಇಂಚು ಏರುತ್ತದೆ. ಹಾಗಾಗಿ ದಿಣ್ಣೆಯ ಕಲ್ಲು ತಾಗುವುದನ್ನು ತಪ್ಪಿಸಲು ಸ್ಪ್ರಿಂಗು ಎತ್ತರಿಸಿದವರಿಗೆ ಕಲ್ಲು ಮೊದಲಿನಂತೆಯೇ ತಾಗುತ್ತದೆ. ಅದಕ್ಕಿಂತ ಇಬ್ಬರು ಆಳು ಹಾಕಿ ದಿಣ್ಣೆ ಕಡಿಸುವುದು ಅಗ್ಗ.

ಇನ್ನು ಕ್ರಾಸಿನ ವಿಚಾರ. ಟ್ರಾನ್ಸ್‌ಫರ್ ಕೇಸು ಛಾಸಿಸ್ಸಿಗೆ ಸೇರಿದ್ದು, ಹೌಸಿಂಗು ಚಕ್ರಕ್ಕೆ ಸೇರಿದ್ದು. ಛಾಸಿಸ್ ಮೇಲೆದ್ದರೆ ಎರಡರ ನಡುವಿನ ಶಾಫ್ಟು ಓರೆಯಾಗಲೇಬೇಕು. ಎಷ್ಟು ಓರೆ ಎಂಬುದು ಶಾಫ್ಟಿನ ಉದ್ದದ ಮೇಲೆ ಹೋಗುತ್ತದೆ. ಶಾಫ್ಟು 20 ಇಂಚಿದ್ದು ಛಾಸಿಸ್ಸನ್ನು 3 ಇಂಚು ಎತ್ತರಿಸಿದರೆ ಓರೆ ಎಂಟೂವರೆ ಡಿಗ್ರಿಯಷ್ಟು ಹೆಚ್ಚುತ್ತದೆ. ಶಾಫ್ಟು 30 ಇಂಚಿದ್ದರೆ ಅದೇ 3 ಇಂಚಿಗೆ ಹೆಚ್ಚುವುದು ಆರು ಡಿಗ್ರಿಗಿಂತ ಕಡಿಮೆ. ಸಿಜೆ 3ಬಿಯ ಎರಡು ಚಕ್ರಗಳ ನಡುವಿನ ಅಂತರ 80 ಇಂಚು, ಎಂಎಂ 540ರದು 91 ಇಂಚು. ಗಿಡ್ಡ ಜೀಪಿನ ಹಿಂದಿನ ಶಾಫ್ಟು ಬಹಳ ಗಿಡ್ಡ. ಅದೇ ಗ್ಯಾರೇಜಿನಲ್ಲಿ ಅದೇ ರೀತಿ ಎತ್ತರಿಸಿದ ಪಕ್ಕದ ತೋಟದವರ ಉದ್ದ ಜೀಪು ಸರಿಯಾಗಿ ಓಡುತ್ತಿದ್ದು ನಮ್ಮ ಗಿಡ್ಡ ಜೀಪು ಮಾತ್ರ ನಡುಗುವುದಕ್ಕೆ ಇದೇ ಕಾರಣ.

ಓರೆಯಾದರೆ ಏನಾಗುತ್ತದೆ? ಕ್ರಾಸಿನ ಸ್ವಭಾವವೆಂದರೆ, ಅದು ಓರೆಯಾಗಿ ತಿರುಗುವಾಗ ಆಚೆಯ ಶಾಫ್ಟು ಒಂದೇ ಸಮನೆ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ ಎರಡು ಸಲ ತಗ್ಗುತ್ತದೆ. 5 ಡಿಗ್ರಿಯ ಓರೆಯಲ್ಲಿ ಈ ಏರಿಳಿತ ನೂರಕ್ಕೆ ಅರ್ಧವೂ ಇಲ್ಲ. 10 ಡಿಗ್ರಿಯಲ್ಲಿ ನೂರಕ್ಕೆ ಒಂದೂವರೆ, 20 ಡಿಗ್ರಿಯಲ್ಲಿ ನೂರಕ್ಕೆ ಆರು. ಓರೆ ಎರಡರಷ್ಟಾದರೆ ಕಾಟ ನಾಲ್ಕರಷ್ಟು ಎಂದು ಲೆಕ್ಕವಿಡಬಹುದು. ಸಿಜೆ 3ಬಿಯಲ್ಲಿ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು 5.38 ಸುತ್ತು ತಿರುಗಬೇಕು. ಗಂಟೆಗೆ 40 ಕಿಲೋಮೀಟರು ಓಡುವಾಗ ಶಾಫ್ಟು ನಿಮಿಷಕ್ಕೆ 1,500ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅಂದರೆ 3,000 ಸಲ ಕ್ರಾಸಿನ ಸೂಜಿ ಬೇರಿಂಗಿಗೆ ಗುದ್ದು ಬೀಳುತ್ತದೆ. ಇದನ್ನು ತಾಳುವ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಶಾಫ್ಟಿಗೆ ಎರಡು ಕ್ರಾಸು ಇರುವುದು ಈ ದೋಷವನ್ನು ನಿವಾರಿಸುವುದಕ್ಕಾಗಿಯೇ. ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಹಿಂದಕ್ಕೆ ಸರಿಪಡಿಸುತ್ತದೆ. ಆದರೆ ಅದಕ್ಕೆ ಎರಡು ಷರತ್ತು. ಟ್ರಾನ್ಸ್‌ಫರ್ ಕೇಸಿನಿಂದ ಹೊರಬರುವ ಮೊಳೆಯೂ ಹೌಸಿಂಗಿನ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿರಬೇಕು, ಹಾಗಿದ್ದರೆ ಮಾತ್ರ ಎರಡು ತುದಿಯ ಓರೆಯೂ ಒಂದೇ ಆಗುತ್ತದೆ. ಮತ್ತು ಶಾಫ್ಟಿನ ಎರಡು ತುದಿಯ ಯೋಕುಗಳ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಉದ್ದ ಶಾಕಲು ಹಾಕಿಸಿದ ಜೀಪುಗಳಲ್ಲಿ ಮೊದಲನೆಯ ಷರತ್ತು ಮುರಿದುಬೀಳುತ್ತದೆ. ಹಿಂದಿನ ಸ್ಪ್ರಿಂಗಿನ ಮುಂತುದಿ ಛಾಸಿಸ್ಸಿಗೆ ನೆಟ್ಟಗೆ ಕಟ್ಟಿರುತ್ತದೆ, ಹಿಂತುದಿಯಲ್ಲಿ ಶಾಕಲು. ಶಾಕಲು ಉದ್ದವಾದರೆ ಸ್ಪ್ರಿಂಗಿನ ಹಿಂತುದಿ ಕೆಳಗಿಳಿದು, ಪಿನಿಯನ್ನಿನ ಮೂಗು ಮೇಲಕ್ಕೆ ತಿರುಗುತ್ತದೆ. ಪ್ಲೇಟು ಸೇರಿಸಿ ಎತ್ತರಿಸಿದರೆ ಹೌಸಿಂಗು ಅಷ್ಟಾಗಿ ತಿರುಗುವುದಿಲ್ಲ. ಸಮಾನಾಂತರ ಉಳಿಯುತ್ತದೆ, ಆದರೆ ಎರಡು ತುದಿಯ ಓರೆಯೂ ಹೆಚ್ಚುತ್ತದೆ. ಮೊದಲಿನದು ನಡುಗಿಸುತ್ತದೆ, ಎರಡನೆಯದು ನಡುಗಿಸದೆಯೇ ಸವೆಸುತ್ತದೆ.

ಇದನ್ನು ಅಳೆಯಲು ದುಬಾರಿ ಸಲಕರಣೆ ಬೇಕಿಲ್ಲ. ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕ, ಒಂದು ದಾರ, ದಾರದ ತುದಿಗೊಂದು ವಾಷರು ಸಾಕು. ದಾರವನ್ನು ಕೋನಮಾಪಕದ ನಡುಬಿಂದುವಿಗೆ ಕಟ್ಟಿ ಇಳಿಬಿಡಿ. ಜೀಪನ್ನು ಕಾಫಿ ಒಣಗಿಸುವ ಸಿಮೆಂಟು ಕಣದ ಮೇಲೆ ನಿಲ್ಲಿಸಿ, ಮೇಸ್ತ್ರಿಯ ರಸಮಟ್ಟದಿಂದ ಜಾಗ ಮಟ್ಟವಾಗಿದೆಯೇ ಎಂದು ನೋಡಿಕೊಳ್ಳಿ. ಕಣಗಳಿಗೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ, ಆದ್ದರಿಂದ ಅಡ್ಡಡ್ಡಲಾಗಿ ನಿಲ್ಲಿಸಬೇಕಾಗಬಹುದು. ಸಾಮಾನ್ಯವಾಗಿ ಹೊರುವ ಭಾರವನ್ನು ಹಾಕಿಯೇ ಅಳೆಯಬೇಕು. ಖಾಲಿ ಜೀಪಿನ ಅಳತೆ ಖಾಲಿ ಜೀಪಿಗೆ ಮಾತ್ರ. ಮೂರು ಕಡೆ ಅಳೆಯಿರಿ: ಟ್ರಾನ್ಸ್‌ಫರ್ ಕೇಸಿನ ಫ್ಲಾಂಜು, ಶಾಫ್ಟಿನ ಬೆನ್ನು, ಪಿನಿಯನ್ನಿನ ಫ್ಲಾಂಜು. ಫ್ಲಾಂಜಿನ ಮುಖವು ನಿಂತ ರೇಖೆಯಿಂದ ಎಷ್ಟು ವಾಲಿದೆಯೋ ಮೊಳೆ ಅಷ್ಟೇ ಡಿಗ್ರಿ ವಾಲಿರುತ್ತದೆ. ಮುಂದಿನ ಅಂಕಿಗೂ ಶಾಫ್ಟಿಗೂ ಇರುವ ವ್ಯತ್ಯಾಸ ಒಂದು ಕ್ರಾಸಿನ ಓರೆ, ಶಾಫ್ಟಿಗೂ ಪಿನಿಯನ್ನಿಗೂ ಇರುವ ವ್ಯತ್ಯಾಸ ಇನ್ನೊಂದರ ಓರೆ. ಎರಡೂ ಹೆಚ್ಚು ಕಡಿಮೆ ಒಂದೇ ಇರಬೇಕು. ಪಿನಿಯನ್ನಿನ ಮೂಗು ಒಂದೆರಡು ಡಿಗ್ರಿ ಕೆಳಗಿದ್ದರೆ ಒಳ್ಳೆಯದೇ, ಏಕೆಂದರೆ ಏರಿನಲ್ಲಿ ಎಳೆಯುವಾಗ ಸ್ಪ್ರಿಂಗು ತಿರುಚಿ ಮೂಗು ತಾನೇ ಮೇಲೇಳುತ್ತದೆ.

ವ್ಯತ್ಯಾಸ ಕಂಡುಬಂದರೆ ಹೌಸಿಂಗಿಗೂ ಸ್ಪ್ರಿಂಗಿಗೂ ನಡುವೆ ಬೆಣೆಯಾಕಾರದ ತುಂಡು ಹಾಕಿ ಮೂಗನ್ನು ಸರಿಗೆ ತರಬೇಕು. ಬೆಣೆ ಉಕ್ಕಿನದಾಗಿರಲಿ. ಅಲ್ಯುಮಿನಿಯಂ ಬೆಣೆ ಭಾರಕ್ಕೆ ಪುಡಿಯಾಗಿ ಯು-ಬೋಲ್ಟು ಸಡಿಲವಾಗುತ್ತದೆ. ದಪ್ಪ ಭಾಗ ಮುಂದಕ್ಕೋ ಹಿಂದಕ್ಕೋ ಎಂಬುದು ಹೌಸಿಂಗು ಪ್ಲೇಟಿನ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ಹೋಗುತ್ತದೆ; ಹಾಕಿ, ಬಿಗಿದು, ಮತ್ತೆ ಅಳೆಯುವುದೊಂದೇ ಖಾತ್ರಿಯಾದ ದಾರಿ. ಸೆಂಟರ್ ಬೋಲ್ಟು ಬೆಣೆಯ ದಪ್ಪದಷ್ಟು ಉದ್ದದ್ದು ಬೇಕು. ಸಮಾನಾಂತರವಿದ್ದೂ ಓರೆಯೇ ಅತಿಯಾಗಿದ್ದರೆ ಬೆಣೆಯಿಂದ ಏನೂ ಆಗದು. ಟ್ರಾನ್ಸ್‌ಫರ್ ಕೇಸನ್ನು ಹೊತ್ತ ಅಡ್ಡಪಟ್ಟಿಯನ್ನು ಒಂದು ಇಂಚು ಇಳಿಸುವವರಿದ್ದಾರೆ; ಎಂಜಿನ್ನೂ ಅದರ ಜೊತೆಗೇ ವಾಲುವುದರಿಂದ ಫ್ಯಾನು ರೇಡಿಯೇಟರಿಗೆ ತಾಗುತ್ತದೆಯೇ, ಗೇರಿನ ಕಡ್ಡಿ ನೆಲದ ತಗಡಿಗೆ ಒತ್ತುತ್ತದೆಯೇ ಎಂದು ನೋಡಬೇಕು. ಟ್ರಾನ್ಸ್‌ಫರ್ ಕೇಸಿನ ತುದಿಗೆ ಜೋಡಿ ಕ್ರಾಸಿನ ಶಾಫ್ಟು ಹಾಕಿಸುವುದು ಇನ್ನೊಂದು ಉಪಾಯ. ಆಗ ಲೆಕ್ಕವೇ ಬೇರೆ: ಸಮಾನಾಂತರ ಬೇಡ, ಪಿನಿಯನ್ನು ನೇರವಾಗಿ ಶಾಫ್ಟಿನ ಕಡೆಗೇ ಮುಖ ಮಾಡಿರಬೇಕು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಗಿಡ್ಡ ಜೀಪನ್ನು ಒಂದೂವರೆ ಇಂಚಿಗಿಂತ ಹೆಚ್ಚು ಎತ್ತರಿಸದಿರುವುದೇ ಉತ್ತಮ ಉಪಾಯ.

ಶಾಫ್ಟಿನ ಜಾರುವ ಹಲ್ಲುಗಳನ್ನು ಮರೆಯಬಾರದು. ಹೌಸಿಂಗು ದೂರ ಹೋದಂತೆ ಸ್ಪ್ಲೈನು ಹೊರಬರುತ್ತದೆ. ಛಾಸಿಸ್ಸನ್ನು ಜಾಕಿನಿಂದ ಎತ್ತಿ ಚಕ್ರಗಳು ಪೂರ್ತಿ ಜೋತುಬಿದ್ದಾಗ ಹಲ್ಲುಗಳು ಎಷ್ಟು ಹಿಡಿದಿವೆ ಎಂದು ನೋಡಿ; ತುದಿಯಲ್ಲಿ ಬೆರಳಗಲ ಮಾತ್ರ ಹಿಡಿದಿದ್ದರೆ ಶಾಫ್ಟನ್ನು ಉದ್ದ ಮಾಡಿಸಲೇಬೇಕು. ಅದನ್ನು ಲೇತು ಇರುವವರಲ್ಲಿ ಮಾಡಿಸಿ, ತೂಕ ಸರಿದೂಗಿಸಿ ಕೊಡಲು ಹೇಳಿ. ಬರೀ ವೆಲ್ಡಿಂಗಿನವರ ಕೈಗೆ ಕೊಟ್ಟರೆ ಕಿವಿಗಳ ಸಾಲು ತಪ್ಪುವ ಸಂಭವ ಹೆಚ್ಚು. ಬಂದ ಶಾಫ್ಟನ್ನು ನೆಲದ ಮೇಲಿಟ್ಟು ಎರಡು ತುದಿಯ ಕಿವಿಗಳೂ ಒಂದೇ ಮಟ್ಟದಲ್ಲಿ ಮಲಗುತ್ತವೆಯೇ ಎಂದು ನೋಡುವುದಕ್ಕೆ ಅರ್ಧ ನಿಮಿಷ ಬೇಡ. ಗ್ರೀಸಿಗಾಗಿ ಬಿಚ್ಚಿ ಒಂದು ಹಲ್ಲು ಆಚೀಚೆ ಸೇರಿಸಿದರೂ ಇದೇ ದೋಷ ಬರುತ್ತದೆ. ಬಾಣದ ಗುರುತು ಇದ್ದರೆ ಎರಡನ್ನೂ ಎದುರುಬದುರು ಮಾಡಿ, ಇಲ್ಲದಿದ್ದರೆ ಬಿಚ್ಚುವ ಮೊದಲು ನೀವೇ ಉಳಿಯಿಂದ ಗುರುತು ಹಾಕಿ.

ಕ್ರಾಸು ಕೈಕೊಡುವ ಮೊದಲು ಹೇಳಿಯೇ ಹೋಗುತ್ತದೆ, ಕೇಳುವವರಿರಬೇಕು. ಕ್ಲಚ್ಚು ಬಿಟ್ಟಾಗ ಅಡಿಯಲ್ಲಿ 'ಟಕ್' ಎಂದರೆ ಸಡಿಲವಾಗಿದೆ. ನಿಧಾನಕ್ಕೆ ಹೋಗುವಾಗ ಗುಬ್ಬಿ ಚಿಲಿಪಿಲಿಗುಟ್ಟಿದಂತೆ ಕೇಳಿದರೆ ಸೂಜಿಗಳು ಗ್ರೀಸಿಲ್ಲದೆ ಒಣಗಿವೆ. ಕಪ್ಪಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಒಳಗೆ ತುಕ್ಕು ತಿಂದಾಗಿದೆ. ಗ್ರೀಸು ಹೊಡೆಯುವಾಗ ನಾಲ್ಕು ಕಪ್ಪುಗಳಿಂದಲೂ ಹೊಸ ಗ್ರೀಸು ಇಣುಕುವವರೆಗೆ ಹೊಡೆಯಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಮುಂದೆ ಮುರಿಯುವುದು ಆ ನಾಲ್ಕನೆಯದೇ. ಹಳ್ಳ ದಾಟುವ ಜೀಪಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಗ್ರೀಸು ಹೊಡೆದರೆ ಹೆಚ್ಚೇನೂ ಅಲ್ಲ.

ಈಗ ಸ್ಪ್ರಿಂಗಿನ ವಿಷಯ. ಪ್ಲೇಟಿನ ಬಿರುಸು ಅದರ ದಪ್ಪದ ಘನದಷ್ಟು ಹೆಚ್ಚುತ್ತದೆ ಎಂಬುದನ್ನು ಅನೇಕ ಗ್ಯಾರೇಜಿನವರು ಅರಿತಿಲ್ಲ. ಎರಡರಷ್ಟು ದಪ್ಪದ ಪ್ಲೇಟು ಎಂಟರಷ್ಟು ಬಿರುಸು. ಲಾರಿಯ ಹಳೆಯ ಪ್ಲೇಟನ್ನು ಕತ್ತರಿಸಿ ಜೀಪಿನ ಕಟ್ಟಿಗೆ ಸೇರಿಸಿದರೆ ಎಲ್ಲ ಭಾರವನ್ನೂ ಅದೊಂದೇ ಹೊತ್ತು, ಉಳಿದ ಪ್ಲೇಟುಗಳು ಸುಮ್ಮನಿರುತ್ತವೆ. ಜೀಪು ಮಣಿಯುವುದಿಲ್ಲ, ಕುಕ್ಕುತ್ತದೆ. ಆ ಪೆಟ್ಟು ಛಾಸಿಸ್ಸಿಗೆ ಹೋಗಿ ಹ್ಯಾಂಗರಿನ ಬುಡದಲ್ಲಿ ಬಿರುಕು ಬಿಡುತ್ತದೆ, ಇಲ್ಲವೇ ಮೇನ್ ಪ್ಲೇಟು ಕಿವಿಯ ಬುಡದಲ್ಲಿ ತುಂಡಾಗುತ್ತದೆ. ಸೇರಿಸುವುದಾದರೆ ಇದ್ದ ಪ್ಲೇಟಿನಷ್ಟೇ ದಪ್ಪದ್ದನ್ನು, ಅದೇ ಕಮಾನಿನದನ್ನು ಸೇರಿಸಬೇಕು. ಕುಗ್ಗಿದ ಪ್ಲೇಟಿಗೆ ಕುಲುಮೆಯಲ್ಲಿ ಕಮಾನು ಹೊಡೆಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕೆಂಪಗೆ ಕಾಯಿಸಿ ಬಾಗಿಸಿ ಹಾಗೆಯೇ ಆರಲು ಬಿಟ್ಟರೆ ಉಕ್ಕಿನ ಹದ ಹೋಗಿ ಒಂದು ಮಳೆಗಾಲದಲ್ಲಿ ಮತ್ತೆ ಕುಗ್ಗುತ್ತದೆ. ಹದ ಕೊಡಬಲ್ಲವರಿಗೆ ಮಾತ್ರ ಕೊಡಿ, ಇಲ್ಲದಿದ್ದರೆ ಹೊಸ ಸೆಟ್ಟು ತನ್ನಿ. ಪ್ಲೇಟಿಗೆ ವೆಲ್ಡಿಂಗ್ ಮಾತ್ರ ಎಂದೂ ಕೂಡದು.

ಅಡಿಕೆ ತೋಟದವರಿಗೆ ಒಂದು ಮಾತು. ಬೋರ್ಡೋ ದ್ರಾವಣದ ಡ್ರಮ್ಮನ್ನು ಜೀಪಿನಲ್ಲಿ ಸಾಗಿಸುವಾಗ ತುಳುಕುವ ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಮೈಲುತುತ್ತ ಕರಗಿಸಿದ ಪಾತ್ರೆಯಲ್ಲಿ ಮೊಳೆ ಬಿದ್ದರೆ ಅದರ ಮೇಲೆ ತಾಮ್ರ ಕೂತು ಮೊಳೆ ಸವೆಯುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಕೆಲಸ ಪ್ಲೇಟುಗಳ ಸಂದಿನಲ್ಲೂ ಛಾಸಿಸ್ಸಿನ ಮೂಲೆಯಲ್ಲೂ ನಡೆಯುತ್ತದೆ. ಔಷಧ ಹೊಡೆದ ಸಂಜೆ ಅಡಿಗೂ ಹಿಂಭಾಗಕ್ಕೂ ಒಳ್ಳೆಯ ನೀರು ಸುರಿದು ತೊಳೆಸುವುದು ಕ್ಷೇಮ.

ಜೀಪು ನೇರ ರಸ್ತೆಯಲ್ಲಿ ಏಡಿಯಂತೆ ಓರೆಯಾಗಿ ಓಡುತ್ತಿದ್ದರೆ ಸೆಂಟರ್ ಬೋಲ್ಟು ತುಂಡಾಗಿ ಹೌಸಿಂಗು ಸರಿದಿದೆ ಎಂದು ತಿಳಿಯಿರಿ. ಎಡಗಡೆಯ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನೂ ಬಲಗಡೆಯದನ್ನೂ ದಾರ ಹಿಡಿದು ಅಳೆದರೆ ಗೊತ್ತಾಗುತ್ತದೆ. ಬೋಲ್ಟು ತಾನಾಗಿ ತುಂಡಾಗುವುದಿಲ್ಲ. ಯು-ಬೋಲ್ಟು ಸಡಿಲವಾದ್ದರಿಂದ ಆಗುತ್ತದೆ. ಸ್ಪ್ರಿಂಗಿನ ಕೆಲಸ ಮಾಡಿಸಿದ ನಂತರ ಒಂದೆರಡು ಸಲ ಭಾರ ಹೊತ್ತು ಬಂದ ಮೇಲೆ ಯು-ಬೋಲ್ಟನ್ನು ಮತ್ತೊಮ್ಮೆ ಬಿಗಿಸಬೇಕು. ಇದನ್ನು ಗ್ಯಾರೇಜಿನವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಖರ್ಚಿನ ವಿಷಯ. ಇನ್ನು ಹೇಳುವುದು ಜೀವದ ವಿಷಯವಾದ್ದರಿಂದ ಸದಸ್ಯರು ಸಾವಧಾನವಾಗಿ ಓದಬೇಕೆಂದು ಕೋರುತ್ತೇವೆ.

ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರದಲ್ಲಿಲ್ಲ. ಅದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಡ್ರಮ್ಮಿನಲ್ಲಿದೆ. ಅದು ಹಿಡಿಯುವುದು ಶಾಫ್ಟನ್ನು, ಚಕ್ರವನ್ನಲ್ಲ. ಏರಿನಲ್ಲಿ ಹಿಂದಿನ ಕ್ರಾಸು ಮುರಿದರೆ ಎಂಜಿನ್ನಿನ ಎಳೆತವೂ ಹೋಯಿತು, ಎಂಜಿನ್ನಿನ ಹಿಡಿತವೂ ಹೋಯಿತು, ಹ್ಯಾಂಡ್ ಬ್ರೇಕೂ ಹೋಯಿತು. ಫೋರ್ ವೀಲ್ ಹಾಕದೇ ಇದ್ದರೆ ಉಳಿಯುವುದು ಕಾಲಿನ ಬ್ರೇಕೊಂದೇ. ಆ ಕಾಲಿನ ಬ್ರೇಕು ಛಾಸಿಸ್ಸಿನಿಂದ ಹೌಸಿಂಗಿಗೆ ಹೋಗುವ ರಬ್ಬರು ಹೋಸನ್ನು ನಂಬಿಕೊಂಡಿದೆ. ಛಾಸಿಸ್ಸನ್ನು 3 ಇಂಚು ಎತ್ತರಿಸಿ ಹೋಸನ್ನು ಹಾಗೆಯೇ ಬಿಟ್ಟರೆ, ಒಂದು ಚಕ್ರ ಗುಂಡಿಗೆ ಇಳಿದಾಗ ಹೋಸು ತಂತಿಯಂತೆ ಬಿಗಿಯುತ್ತದೆ. ಒಂದು ದಿನ ಅದು ಕಿತ್ತುಬರುವುದು ಕೂಡ ಅಂಥ ಜಾಗದಲ್ಲಿಯೇ, ಹಿಂದೆ ಹತ್ತು ಜನ ಕುಳಿತಿರುವಾಗಲೇ. ಹಳೆಯ ಜೀಪುಗಳ ಬ್ರೇಕು ಒಂದೇ ಸಾಲಿನದು; ಒಂದು ಹೋಸು ಹೋದರೆ ನಾಲ್ಕು ಚಕ್ರದ್ದೂ ಹೋಗುತ್ತದೆ. ಎತ್ತರಿಸಿದ ಜೀಪು ಇರುವವರೆಲ್ಲ ಇದನ್ನು ಈ ವಾರವೇ ಪರೀಕ್ಷಿಸಬೇಕು. ಛಾಸಿಸ್ಸಿಗೆ ಜಾಕು ಕೊಟ್ಟು ಚಕ್ರಗಳನ್ನು ಜೋತುಬೀಳಿಸಿ, ಸ್ಟೇರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಆಗಲೂ ಹೋಸು ಸಡಿಲವಾಗಿ ತೂಗಬೇಕು. ತೂಗದಿದ್ದರೆ ಉದ್ದದ ಹೋಸು ಹಾಕಿಸುವವರೆಗೆ ಆ ಜೀಪಿನಲ್ಲಿ ಆಳುಗಳನ್ನು ಕೂರಿಸುವುದು ಬೇಡ.

ಮಗುಚುವ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಗಿಡ್ಡ ಜೀಪಿನ ಎಡ ಬಲ ಚಕ್ರಗಳ ನಡುವಣ ಅಂತರ ಸುಮಾರು 48 ಇಂಚು. ಭಾರದ ಕೇಂದ್ರ ನೆಲದಿಂದ 26 ಇಂಚು ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ನಿಂತ ಜೀಪು ಪಕ್ಕಕ್ಕೆ ಸುಮಾರು 43 ಡಿಗ್ರಿ ವಾಲುವವರೆಗೆ ಮಗುಚದು. ಸ್ಪ್ರಿಂಗಿನಿಂದ 3 ಇಂಚು, ಟೈರಿನಿಂದ ಒಂದೂವರೆ ಇಂಚು ಏರಿಸಿದರೆ ಅದು 38 ಡಿಗ್ರಿಗೆ ಇಳಿಯುತ್ತದೆ. ಇದು ನಿಂತ ಜೀಪಿನ ಮಾತು. ಓಡುವಾಗ, ತಿರುವಿನಲ್ಲಿ, ಚೀಲದ ಮೇಲೆ ಜನ ಕೂತಾಗ ಇಷ್ಟೂ ಉಳಿಯುವುದಿಲ್ಲ.

ಸ್ಟೇರಿಂಗಿನ ಬಗ್ಗೆ ಬರುವ ದೂರು ಎರಡು ಬಗೆ. ಗುಂಡಿಗೆ ಬಿದ್ದಾಗ ಜೀಪು ತಾನಾಗಿ ಒಂದು ಕಡೆಗೆ ಎಳೆಯುವುದು ಒಂದು. ಎತ್ತರಿಸಿದ ಮೇಲೆ ಸ್ಟೇರಿಂಗ್ ಪೆಟ್ಟಿಗೆಯಿಂದ ಇಳಿದುಬರುವ ಡ್ರ್ಯಾಗ್ ಲಿಂಕು ಓರೆಯಾಗಿ, ಸ್ಪ್ರಿಂಗು ಮೇಲೆ ಕೆಳಗೆ ಆದಾಗಲೆಲ್ಲ ಚಕ್ರವನ್ನು ತಳ್ಳುವುದೇ ಇದಕ್ಕೆ ಕಾರಣ. ಲಿಂಕಿನ ಓರೆಯನ್ನು ತಗ್ಗಿಸದೆ ಬೇರೆ ಪರಿಹಾರವಿಲ್ಲ. ಎರಡನೆಯದು, 40 ಕಿಲೋಮೀಟರು ವೇಗದಲ್ಲಿ ಸಣ್ಣ ಗುಂಡಿ ಸಿಕ್ಕಿದೊಡನೆ ಮುಂದಿನ ಚಕ್ರಗಳು ದೆವ್ವ ಹೊಕ್ಕಂತೆ ಅಲ್ಲಾಡಿ, ನಿಲ್ಲಿಸುವವರೆಗೂ ನಿಲ್ಲದಿರುವುದು. ಇದಕ್ಕೆ ಡ್ಯಾಂಪರು ಹಾಕಿಸಿ ಎನ್ನುವವರು ಜ್ವರಕ್ಕೆ ತಣ್ಣೀರು ಬಟ್ಟೆ ಹಾಕುವವರು. ಮೊದಲು ಮುಂಭಾಗವನ್ನು ಜಾಕಿನ ಮೇಲೆತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟವಿದ್ದರೆ ವೀಲ್ ಬೇರಿಂಗೋ ಕಿಂಗ್ ಪಿನ್ ಬೇರಿಂಗೋ ಸವೆದಿದೆ. ಆಮೇಲೆ ಟೈ ರಾಡಿನ ತುದಿಗಳು, ಸ್ಪ್ರಿಂಗಿನ ಬುಷ್ಷುಗಳು.

ಅವೆಲ್ಲ ಸರಿಯಿದ್ದರೆ ದೋಷ ಕಿಂಗ್ ಪಿನ್ನಿನ ವಾಲಿಕೆಯಲ್ಲಿದೆ. ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ಸುಮಾರು 3 ಡಿಗ್ರಿ ವಾಲಿರಬೇಕು. ಚಕ್ರ ತಾನಾಗಿ ನೇರಕ್ಕೆ ಬರುವುದು ಆ ವಾಲಿಕೆಯಿಂದ. ಹಳೆಯ ಜೀಪಿನಲ್ಲಿ ಮುಂದಿನ ಸ್ಪ್ರಿಂಗಿನ ಶಾಕಲು ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದರೆ ಹೌಸಿಂಗು ಮುಂದಕ್ಕೆ ಉರುಳಿ ಈ ವಾಲಿಕೆ ಸತ್ತುಹೋಗುತ್ತದೆ. ಬೆಣೆ ಹಾಕಿ ಮರಳಿ ಪಡೆಯಬಹುದು, ಆದರೆ ಕಿಂಗ್ ಪಿನ್ನೂ ಪಿನಿಯನ್ನೂ ಒಂದೇ ಹೌಸಿಂಗಿಗೆ ಸೇರಿದ್ದು. ಒಂದನ್ನು ಸರಿಪಡಿಸಿದರೆ ಇನ್ನೊಂದರ ಓರೆ ಕೆಡುತ್ತದೆ. ಇಂಥಲ್ಲಿ ಸ್ಟೇರಿಂಗಿಗೆ ಮೊದಲ ಸ್ಥಾನ ಕೊಡಬೇಕು. ಮುಂದಿನ ಶಾಫ್ಟು ಎಳೆಯುವುದು ಕೆಸರಿನಲ್ಲಿ, ನಿಧಾನಗತಿಯಲ್ಲಿ ಮಾತ್ರ.

ಫೋರ್ ವೀಲ್ ಬಳಕೆಯ ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, ಈ ಜೀಪುಗಳಲ್ಲಿ ಮುಂದಿನ ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು. ಕೆಸರಿನಲ್ಲಿ ಚಕ್ರ ಜಾರಿ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಟಾರು ರಸ್ತೆಯಲ್ಲಿ ಜಾರಲಾಗದೆ ಶಾಫ್ಟು, ಕ್ರಾಸು, ಗೇರುಗಳೆಲ್ಲ ಹಗ್ಗದಂತೆ ಹುರಿಗೊಳ್ಳುತ್ತವೆ. ತೋಟದ ಗೇಟು ದಾಟಿದ ಮೇಲೂ ಫ್ರಂಟು ತೆಗೆಯದೆ ಪೇಟೆಯವರೆಗೆ ಹೋಗುವ ಡ್ರೈವರುಗಳಿದ್ದಾರೆ. ಕಡ್ಡಿ ಸಿಕ್ಕಿಕೊಂಡರೆ ಜಗ್ಗಬಾರದು, ಹತ್ತು ಅಡಿ ರಿವರ್ಸು ಹೋದರೆ ಹುರಿ ಬಿಚ್ಚಿ ತಾನೇ ಬರುತ್ತದೆ. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಹಾಕಿದ ಜೀಪಿನಲ್ಲಿ ನೇರ ರಸ್ತೆಯಲ್ಲೂ ಇದೇ ಹುರಿ ಉಂಟಾಗುತ್ತದೆ. ನಾಲ್ಕೂ ಒಂದೇ ಅಳತೆಯವಾಗಿರಲಿ.

ಎಣ್ಣೆಯನ್ನು ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಮುಗಿದೊಡನೆ, ಪರೀಕ್ಷಿಸತಕ್ಕದ್ದು. ಹೌಸಿಂಗಿನ ಮೇಲೆ ಉಸಿರಾಡುವ ಸಣ್ಣ ಬ್ರೀದರು ಇರುತ್ತದೆ. ಅದು ಕೆಸರು ಕಟ್ಟಿ ಮುಚ್ಚಿದರೆ, ಓಡಿ ಬಿಸಿಯಾದ ಹೌಸಿಂಗು ಹಳ್ಳದ ನೀರಿಗಿಳಿದೊಡನೆ ತಣ್ಣಗಾಗಿ ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬಿರಡೆ ತೆಗೆದಾಗ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣದ್ದಾಗಿದ್ದರೆ ನೀರು ಸೇರಿದೆ, ಒಂದು ದಿನವೂ ತಡಮಾಡದೆ ಬದಲಿಸಬೇಕು.

ಎತ್ತರಿಸುವುದು ಕಾನೂನಿಗೆ ಒಪ್ಪಿತವೇ ಎಂದು ಕೆಲವರು ವಿಚಾರಿಸಿದ್ದಾರೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಕಲಮನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಇಂಥವನ್ನೇ ಎಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉದ್ದ ಶಾಕಲನ್ನು ಬಿಚ್ಚಿ ಹಳೆಯದನ್ನು ಹಾಕಲು ಎರಡು ಸ್ಪ್ಯಾನರೂ ಒಂದು ಮಧ್ಯಾಹ್ನವೂ ಸಾಕು. ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಶಾಕಲು ಇನ್ನೂ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ.

ಕೊನೆಯದಾಗಿ, ದಾರಿಯಲ್ಲೇ ಹಿಂದಿನ ಶಾಫ್ಟು ಮುರಿದರೆ ಮಾಡಬೇಕಾದದ್ದು. ಮೊದಲು ಚಕ್ರಗಳಿಗೆ ಕಲ್ಲು ಕೊಟ್ಟು ಜನರನ್ನು ಇಳಿಸಿ; ಯಾರೂ ಅಡಿಗೆ ನುಸುಳುವುದು ಆಮೇಲೆ. ಜೋತುಬಿದ್ದ ಶಾಫ್ಟನ್ನು ಎರಡು ತುದಿಯಿಂದಲೂ ಬಿಚ್ಚಿ ಪೂರ್ತಿ ತೆಗೆದುಬಿಡಿ, ಹಗ್ಗದಲ್ಲಿ ಕಟ್ಟಿಕೊಂಡು ಓಡಿಸಬೇಡಿ. ಮುಂದಿನ ಹಬ್ಬುಗಳಿಗೆ ಲಾಕು ಇದ್ದರೆ ಹಾಕಿ, ಫೋರ್ ವೀಲಿಗೆ ತಂದರೆ ಮುಂದಿನ ಚಕ್ರಗಳೇ ಜೀಪನ್ನು ಎಳೆದೊಯ್ಯುತ್ತವೆ. ಭಾರವನ್ನು ಅಲ್ಲೇ ಇಳಿಸಿ, ಲೋ ಗೇರಿನಲ್ಲಿ, ಏರನ್ನು ತಪ್ಪಿಸಿ ಹೋಗಿ. ಬಿಚ್ಚಿದ ಬೋಲ್ಟುಗಳನ್ನು ಡ್ಯಾಶಿನ ಮೇಲಿಡದೆ ಜೇಬಿನಲ್ಲಿಟ್ಟುಕೊಳ್ಳಿ. ಆ ಅಳತೆಯ ಬೋಲ್ಟು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.